ಬಿಯರ್ಡ್ ವ್ಯಾಖ್ಯಾನ

ಅಮೆರಿಕ ಸಂಯುಕ್ತ ಸಂಸ್ಥಾನದ ಸಂವಿಧಾನ, ಅಂತರ್ಯುದ್ಧ ಮತ್ತು ವಿದೇಶಾಂಗ ನೀತಿಗಳನ್ನು ಆರ್ಥಿಕ ಹಿತಾಸಕ್ತಿಗಳ ಮೂಲಕ ಅರ್ಥೈಸಿದ ಇತಿಹಾಸದೃಷ್ಟಿ. ಇದರ ಪ್ರತಿಪಾದಕ ಚಾರ್ಲ್ಸ್ ಆಸ್ಟಿನ್ ಬಿಯರ್ಡ್ (1874–1948). ಹಲವು ಮುಖ್ಯ ಗ್ರಂಥಗಳಲ್ಲಿ ಪತ್ನಿ ಮೇರಿ ರಿಟರ್ ಬಿಯರ್ಡ್ (1876–1958) ಸಹಲೇಖಕಿ. ಆಕರಗ್ರಂಥಗಳಲ್ಲಿ ಈ ವಿಷಯ ಎರಡು ತುಂಡಾಗಿ ಸಿಗುತ್ತದೆ. ಸಂವಿಧಾನದ ಇತಿಹಾಸ ಬರೆಯುವವರು 1913ರ ಪುಸ್ತಕವನ್ನು ವಿವರಿಸಿ, 1950ರ ದಶಕದಲ್ಲಿ ಅದರ ಖಂಡನೆಯಾಯಿತು ಎಂದು ಮುಗಿಸುತ್ತಾರೆ. ಎರಡನೆಯ ಮಹಾಯುದ್ಧದ ಇತಿಹಾಸ ಬರೆಯುವವರಿಗೆ ಬಿಯರ್ಡ್ ಎಂದರೆ ಅಧ್ಯಕ್ಷ ರೂಸ್‌ವೆಲ್ಟ್ ಮೇಲೆ ಆರೋಪ ಹೊರಿಸಿದ ಮುದುಕ. ಎರಡೂ ಕಡೆ ಬಿಯರ್ಡ್ ಬರೆಯದ ಮಾತುಗಳು ಬಿಯರ್ಡ್ ಹೆಸರಿನಲ್ಲಿ ಓಡಾಡುತ್ತಿವೆ. ಹಾಗಾಗಿ ಇಲ್ಲಿ ಜೀವನವೃತ್ತಾಂತಕ್ಕಿಂತ ಈ ಗೋಜಲಿಗೆ ಹೆಚ್ಚು ಜಾಗ ಕೊಟ್ಟಿದೆ.

ಹಿನ್ನೆಲೆ

ಬಿಯರ್ಡ್ ಹುಟ್ಟಿದ್ದು ಇಂಡಿಯಾನಾ ರಾಜ್ಯದ ನೈಟ್ಸ್‌ಟೌನ್ ಬಳಿ, ಅನುಕೂಲಸ್ಥ ಕುಟುಂಬದಲ್ಲಿ. ಡಿಪಾ ವಿಶ್ವವಿದ್ಯಾಲಯದಲ್ಲಿ 1898ರಲ್ಲಿ ಪದವಿ, ಆಮೇಲೆ ಆಕ್ಸ್‌ಫರ್ಡ್. ಅಲ್ಲಿ ಕಾರ್ಮಿಕರ ಶಿಕ್ಷಣಕ್ಕೆಂದು 1899ರಲ್ಲಿ ಆರಂಭವಾದ ರಸ್ಕಿನ್ ಹಾಲ್‌ನ ಸ್ಥಾಪಕರಲ್ಲಿ ಇವರೂ ಒಬ್ಬರು. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ 1904ರಲ್ಲಿ ಡಾಕ್ಟರೇಟ್ ಪಡೆದು ಅಲ್ಲಿಯೇ ಅಧ್ಯಾಪಕರಾದರು. ಇತಿಹಾಸವನ್ನು ಆರ್ಥಿಕ ಬಲಗಳ ಮೂಲಕ ಓದಬೇಕೆಂಬ ಮಾತು ಆ ಹೊತ್ತಿಗೆ ಅಲ್ಲಿ ಹೊಸದೇನಾಗಿರಲಿಲ್ಲ: ಅರ್ಥಶಾಸ್ತ್ರಜ್ಞ ಎಡ್ವಿನ್ ಸೆಲಿಗ್‌ಮನ್ 1902ರಲ್ಲೇ ಆ ಕುರಿತು ಒಂದು ಪುಸ್ತಕ ತಂದಿದ್ದರು. ಬಿಯರ್ಡ್ ಪುಸ್ತಕ ಹೊರಬಂದ 1913ರಲ್ಲಿಯೇ ಕೊಲಂಬಿಯಾ ಸೇರಿದ ಬಿ.ಆರ್. ಅಂಬೇಡ್ಕರ್ ಅವರಿಗೂ ಸೆಲಿಗ್‌ಮನ್ ಗುರುಗಳೇ.

1913ರ ಗ್ರಂಥ

ಪುಸ್ತಕದ ಹೆಸರು ‘ಆ್ಯನ್ ಎಕನಾಮಿಕ್ ಇಂಟರ್‌ಪ್ರಿಟೇಷನ್ ಆಫ್ ದಿ ಕಾನ್‌ಸ್ಟಿಟ್ಯೂಷನ್ ಆಫ್ ದಿ ಯುನೈಟೆಡ್ ಸ್ಟೇಟ್ಸ್’. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ರಚಿಸಲು ಕೂಡಿದ್ದ 55 ಪ್ರತಿನಿಧಿಗಳಿಗೆ ಇದ್ದ ಆಸ್ತಿ ಯಾವ ಬಗೆಯದು ಎಂಬುದು ಬಿಯರ್ಡ್ ಎತ್ತಿಕೊಂಡ ಪ್ರಶ್ನೆ. ಅದುವರೆಗೆ ಆ ಪ್ರತಿನಿಧಿಗಳ ವಿವೇಕ, ದೇಶಭಕ್ತಿ, ಭಾಷಣಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದವರಲ್ಲಿ ಯಾರೂ ಅವರ ಲೆಕ್ಕದ ಪುಸ್ತಕ ತೆರೆದಿರಲಿಲ್ಲ.

ಪ್ರಶ್ನೆಯ ತಿರುಳು ತಿಳಿಯಬೇಕಾದರೆ ಆಗಿನ ಸಾಲಪತ್ರಗಳ ಸಂಗತಿ ಗೊತ್ತಿರಬೇಕು. ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಸೈನಿಕರಿಗೆ ಸಂಬಳದ ಬದಲು, ರೈತರಿಗೆ ದವಸದ ಬೆಲೆಯ ಬದಲು ಚೀಟಿ ಬರೆದುಕೊಟ್ಟದ್ದುಂಟು. ಕೈಯಲ್ಲಿ ಕಾಸಿಲ್ಲದವರು ಆ ಪತ್ರಗಳನ್ನು ಮುಖಬೆಲೆಯ ಸಣ್ಣ ಪಾಲಿಗೆ ಮಾರಿಕೊಂಡರು; ಕೊಂಡವರು ಬಹುಪಾಲು ನಗರಗಳ ವರ್ತಕರು, ಲೇವಾದೇವಿಯವರು. ಹಳೆಯ ಒಕ್ಕೂಟ ಸರ್ಕಾರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇಲ್ಲದ್ದರಿಂದ ಸಾಲ ತೀರುವ ಭರವಸೆ ಇರಲಿಲ್ಲ. ಅತ್ತ ರಾಜ್ಯಗಳಲ್ಲಿ ಸಾಲಗಾರ ರೈತರ ಒತ್ತಡಕ್ಕೆ ಮಣಿದ ಶಾಸನಸಭೆಗಳು ಕಾಗದದ ಹಣ ಅಚ್ಚುಹಾಕಿಸುತ್ತಿದ್ದವು. ಮ್ಯಾಸಚೂಸೆಟ್ಸ್‌ನಲ್ಲಿ 1786ರಲ್ಲಿ ಡೇನಿಯಲ್ ಶೇಸ್ ಮುಂದಾಳತ್ವದಲ್ಲಿ ರೈತರು ಬಂಡೆದ್ದು ನ್ಯಾಯಾಲಯಗಳನ್ನೇ ಮುಚ್ಚಿಸಿದ್ದರು. ಹೊಸ ಸಂವಿಧಾನ ಕೇಂದ್ರಕ್ಕೆ ತೆರಿಗೆಯ ಅಧಿಕಾರ ಕೊಟ್ಟಿತು. ರಾಜ್ಯಗಳು ಕಾಗದದ ಹಣ ಹೊರಡಿಸುವುದನ್ನೂ ಕರಾರುಗಳನ್ನು ಸಡಿಲಿಸುವುದನ್ನೂ ನಿಷೇಧಿಸಿತು. 1790ರಲ್ಲಿ ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ತಂದ ಯೋಜನೆಯಂತೆ ಹಳೆಯ ಸಾಲಪತ್ರಗಳಿಗೆ ಬೆಲೆ ಬಂತು, ಅದೂ ಮೊದಲು ಪಡೆದ ಸೈನಿಕನಿಗಲ್ಲ, ಆಗ ಯಾರ ಕೈಯಲ್ಲಿತ್ತೋ ಅವರಿಗೆ.

ಈ ಪತ್ರಗಳ ನೋಂದಣಿ ಕಡತಗಳು ವಾಷಿಂಗ್ಟನ್ನಿನ ಖಜಾನೆ ಇಲಾಖೆಯಲ್ಲಿ ಬಿದ್ದಿದ್ದವು. ಧೂಳು ಹೀರುವ ಯಂತ್ರ ತರಿಸಿದ ಮೇಲಷ್ಟೇ ಅವುಗಳಲ್ಲಿ ಕೆಲವನ್ನು ಬಿಡಿಸಿ ನೋಡಲು ಆಯಿತು ಎಂದು ಬಿಯರ್ಡ್ ದಾಖಲಿಸಿದ್ದಾರೆ. ಅವರ ಎಣಿಕೆಯಲ್ಲಿ 55 ಪ್ರತಿನಿಧಿಗಳ ಪೈಕಿ ಕನಿಷ್ಠ 40 ಮಂದಿಯ ಹೆಸರು ಸಾಲಪತ್ರದ ದಾಖಲೆಗಳಲ್ಲಿತ್ತು. 24 ಮಂದಿಯ ಮೊತ್ತ 5,000 ಡಾಲರ್ ಮೀರಿತ್ತು. ಕನಿಷ್ಠ 14 ಮಂದಿ ಜಮೀನಿನ ಸಟ್ಟಾ ವ್ಯವಹಾರದಲ್ಲಿದ್ದರು, 24 ಮಂದಿ ಬಡ್ಡಿಗೆ ಹಣ ಬಿಟ್ಟಿದ್ದರು, 11 ಮಂದಿ ವ್ಯಾಪಾರ, ತಯಾರಿಕೆ, ಹಡಗು ಸಾಗಣೆಯಲ್ಲಿ ತೊಡಗಿದ್ದರು, 15 ಮಂದಿ ಗುಲಾಮರ ಒಡೆಯರಾಗಿದ್ದರು. ಚರಾಸ್ತಿಯವರು ಸಂವಿಧಾನವನ್ನು ತಂದರು, ಸ್ಥಿರಾಸ್ತಿಯ ಸಣ್ಣ ರೈತರು ಮತ್ತು ಸಾಲಗಾರರು ವಿರೋಧಿಸಿದರು ಎಂಬುದು ತೀರ್ಮಾನ. ಅನುಮೋದನೆಯ ಚುನಾವಣೆಗಳಲ್ಲಿ ವಯಸ್ಕ ಗಂಡಸರಲ್ಲಿ ಸುಮಾರು ಮುಕ್ಕಾಲು ಪಾಲು ಮತವನ್ನೇ ಹಾಕಲಿಲ್ಲ, ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟವರು ಬಹುಶಃ ಆರರಲ್ಲೊಂದು ಪಾಲನ್ನು ಮೀರಲಿಲ್ಲ ಎಂದೂ ಬಿಯರ್ಡ್ ಅಂದಾಜಿಸಿದರು.

ಸಂವಿಧಾನ ರಚಿಸಿದವರು ತಮ್ಮ ಜೇಬು ತುಂಬಿಸಿಕೊಳ್ಳಲು ಅದನ್ನು ಬರೆದರು ಎಂಬುದೇ ಬಿಯರ್ಡ್ ವಾದ ಎಂದು ಇಂದಿಗೂ ಹೇಳಲಾಗುತ್ತದೆ. ಪುಸ್ತಕ ಅದನ್ನು ನೇರವಾಗಿ ಅಲ್ಲಗಳೆಯುತ್ತದೆ. ವೈಯಕ್ತಿಕ ಲಾಭ ತಮ್ಮ ಪ್ರಶ್ನೆಯಲ್ಲ. ಯಾವ ಆರ್ಥಿಕ ಗುಂಪಿನ ಕಷ್ಟಸುಖ ಇವರಿಗೆ ಸ್ವಂತ ಅನುಭವದಿಂದ ಗೊತ್ತಿತ್ತು ಎಂಬುದಷ್ಟೇ ಪ್ರಶ್ನೆ ಎಂದು ಬಿಯರ್ಡ್ ಬರೆದಿದ್ದರು. ಆದರೆ ತಪ್ಪೆಲ್ಲ ಓದುಗರದೇ ಎನ್ನಲಾಗದು. ಒಂದಿಡೀ ಅಧ್ಯಾಯದಲ್ಲಿ ಪ್ರತಿನಿಧಿಗಳನ್ನು ಅಕಾರಾದಿಯಾಗಿ ನಿಲ್ಲಿಸಿ ಒಬ್ಬೊಬ್ಬರ ಆಸ್ತಿಪಟ್ಟಿ ಓದಿದ ಮೇಲೆ, ಇದು ಯಾರ ಮೇಲಿನ ದೋಷಾರೋಪವೂ ಅಲ್ಲ ಎಂದರೆ ಕೇಳುವವರು ಕಡಿಮೆ. ಮಾಜಿ ಅಧ್ಯಕ್ಷ ವಿಲಿಯಂ ಟಾಫ್ಟ್ ಪುಸ್ತಕದ ಮೇಲೆ ಕೆಂಡಕಾರಿದರು. ಇತರರು ಮಾರ್ಕ್ಸ್‌ವಾದದ ಹಣೆಪಟ್ಟಿ ಹಚ್ಚಿದರು. ಆದರೆ ತಮ್ಮ ವಿಚಾರದ ಮೂಲವೆಂದು ಬಿಯರ್ಡ್ ಬೊಟ್ಟುಮಾಡಿ ತೋರಿಸಿದ್ದು ಸಂವಿಧಾನದ ಮುಖ್ಯ ಶಿಲ್ಪಿ ಜೇಮ್ಸ್ ಮ್ಯಾಡಿಸನ್ ಅವರನ್ನೇ: ಆಸ್ತಿಯ ಬಗೆ ಮತ್ತು ಪ್ರಮಾಣಗಳಲ್ಲಿನ ಅಂತರವೇ ರಾಜಕೀಯ ಬಣಗಳ ಶಾಶ್ವತ ಮೂಲ ಎಂದು ‘ಫೆಡರಲಿಸ್ಟ್’ ಲೇಖನಮಾಲೆಯ 10ನೆಯ ಸಂಖ್ಯೆಯಲ್ಲಿ ಅವರು ವಾದಿಸಿದ್ದರು. 1935ರ ಮರುಮುದ್ರಣಕ್ಕೆ ಬರೆದ ಹೊಸ ಪ್ರಸ್ತಾವನೆಯಲ್ಲಿ ಬಿಯರ್ಡ್ ಇನ್ನೊಂದು ಮಾತು ಸೇರಿಸಿದರು. ಶೀರ್ಷಿಕೆಯ ಮೊದಲ ಪದ ‘ಆ್ಯನ್’, ‘ದಿ’ ಅಲ್ಲ. ಇದು ಒಂದು ವ್ಯಾಖ್ಯಾನ, ಏಕೈಕ ವ್ಯಾಖ್ಯಾನವಲ್ಲ.

ಖಂಡನೆ ಮತ್ತು ಮರುಪರಿಶೀಲನೆ

ಎರಡು ದಶಕ ಈ ಪುಸ್ತಕ ಹೆಚ್ಚುಕಡಿಮೆ ಪಠ್ಯಪುಸ್ತಕದ ಸತ್ಯವೇ ಆಗಿತ್ತು. ಆಧಾರದಲ್ಲಿ ಬಿರುಕು ಮೊದಲಿಂದಲೂ ಇತ್ತು. ಖಜಾನೆಯ ಕಡತಗಳು 1790ರ ನಂತರದವು. ಆಗ ಪತ್ರ ಇಟ್ಟುಕೊಂಡಿದ್ದವನು 1787ರಲ್ಲೂ ಇಟ್ಟುಕೊಂಡಿದ್ದ ಎನ್ನಲು ಅವು ಸಾಲವು. ಉದಾಹರಣೆಗಳೂ ಎದುರು ನಿಲ್ಲುತ್ತವೆ. ಅತಿ ಹೆಚ್ಚು ಸಾಲಪತ್ರ ಹೊಂದಿದ್ದವರಲ್ಲಿ ಒಬ್ಬರಾದ ಎಲ್‌ಬ್ರಿಜ್ ಗೆರಿ ಸಂವಿಧಾನಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಅದಕ್ಕಾಗಿ ಎಲ್ಲರಿಗಿಂತ ಹೆಚ್ಚು ದುಡಿದ ಮ್ಯಾಡಿಸನ್ ಬಳಿ ಸಾಲಪತ್ರವಿರಲಿಲ್ಲ, ಹ್ಯಾಮಿಲ್ಟನ್ ಬಳಿ ಇದ್ದದ್ದು ಅತ್ಯಲ್ಪ. ಇವನ್ನು ಬಿಯರ್ಡ್ ಮುಚ್ಚಿಟ್ಟಿರಲಿಲ್ಲ. ವಾದದೊಳಕ್ಕೆ ಬಿಟ್ಟುಕೊಳ್ಳಲೂ ಇಲ್ಲ.

ರಾಬರ್ಟ್ ಇ. ಬ್ರೌನ್ 1956ರಲ್ಲಿ ಪುಸ್ತಕವನ್ನು ಪುಟಪುಟವಾಗಿ ಹಿಡಿದು ಟೀಕಿಸಿದರು: ಜಮೀನುಳ್ಳ ರೈತರೇ ಬಹುಸಂಖ್ಯೆಯಲ್ಲಿದ್ದ ಸಮಾಜದಲ್ಲಿ ಮತದ ಹಕ್ಕು ಬಿಯರ್ಡ್ ಹೇಳಿದಷ್ಟು ಇಕ್ಕಟ್ಟಾಗಿರಲಿಲ್ಲ ಎಂಬುದು ಅವರ ಮುಖ್ಯ ಆಕ್ಷೇಪ. ಫಾರೆಸ್ಟ್ ಮ್ಯಾಕ್‌ಡೊನಾಲ್ಡ್ 1958ರಲ್ಲಿ ‘ವಿ ದಿ ಪೀಪಲ್’ ತಂದು, ಫಿಲಡೆಲ್ಫಿಯಾದ ಪ್ರತಿನಿಧಿಗಳ ಜೊತೆಗೆ 13 ರಾಜ್ಯಗಳ ಅನುಮೋದನಾ ಸಭೆಗಳ ಸದಸ್ಯರ ಆಸ್ತಿಯನ್ನೂ ಜಾಲಾಡಿದರು. ಚರಾಸ್ತಿಯವರು ಒಂದು ಕಡೆ, ರೈತರು ಇನ್ನೊಂದು ಕಡೆ ಎಂಬ ಸರಳ ಗೆರೆ ಎಲ್ಲಿಯೂ ಸಿಗಲಿಲ್ಲ. ಸಾಮಾನ್ಯ ಕೈಪಿಡಿಗಳು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತವೆ. ಆದರೆ ಮ್ಯಾಕ್‌ಡೊನಾಲ್ಡ್ ತಿರಸ್ಕರಿಸಿದ್ದು ಬಿಯರ್ಡ್ ಎಳೆದ ಗೆರೆಯನ್ನೇ ಹೊರತು ಆರ್ಥಿಕ ಹಿತಾಸಕ್ತಿಯ ವಿಚಾರವನ್ನಲ್ಲ. ಅವರ ಉಪಶೀರ್ಷಿಕೆಯಲ್ಲೇ ಸಂವಿಧಾನದ ಆರ್ಥಿಕ ಮೂಲಗಳು ಎಂದಿದೆ. ಅವರ ವರ್ಗೀಕರಣವನ್ನು ಜ್ಯಾಕ್ಸನ್ ಟರ್ನರ್ ಮೇನ್ 1960ರಲ್ಲಿ ಪ್ರಶ್ನಿಸಿದರು. 1960ರ ದಶಕದ ಕೊನೆಯಲ್ಲಿ ಬರ್ನಾರ್ಡ್ ಬೇಲಿನ್ ಮತ್ತು ಗಾರ್ಡನ್ ವುಡ್ ಚರ್ಚೆಯನ್ನು ಆಸ್ತಿಯಿಂದ ವಿಚಾರಗಳ ಕಡೆಗೆ ತಿರುಗಿಸಿದ ಮೇಲೆ ಬಿಯರ್ಡ್ ಹೆಸರು ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಸೀಮಿತವಾಯಿತು.

ಮರಳಿ ತಂದವರು ಅರ್ಥಶಾಸ್ತ್ರಜ್ಞರು. ರಾಬರ್ಟ್ ಮೆಕ್‌ಗ್ವಾಯರ್ ಸಂಖ್ಯಾಶಾಸ್ತ್ರದ ವಿಧಾನಗಳಿಂದ ಪ್ರತಿನಿಧಿಗಳ ಮತಗಳನ್ನು ವಿಶ್ಲೇಷಿಸಿ, 2003ರ ಪುಸ್ತಕದಲ್ಲಿ ಆಸ್ತಿಗೂ ಮತಕ್ಕೂ ಸಂಬಂಧ ಇದ್ದೇ ಇದೆ, ಆದರೆ ಅದು ಬಿಯರ್ಡ್ ಹೇಳಿದಷ್ಟು ಒರಟಲ್ಲ ಎಂದರು. ವುಡಿ ಹೋಲ್ಟನ್ (2007) ಸಾಲಪತ್ರ ಹಿಡಿದವರಿಗೆ ಬಡ್ಡಿ ಕೊಡಲೆಂದು ರೈತರ ಮೇಲೆ ಬಿದ್ದ ತೆರಿಗೆಯ ಕಥೆಯನ್ನು ರೈತರ ಕಡೆಯಿಂದ ಹೇಳಿದರು. ಮೈಕೆಲ್ ಕ್ಲಾರ್ಮನ್ 2016ರಲ್ಲಿ ತಮ್ಮ ಬೃಹತ್ ಗ್ರಂಥದ ಶೀರ್ಷಿಕೆಯಲ್ಲೇ ಫಿಲಡೆಲ್ಫಿಯಾದ ಘಟನೆಯನ್ನು ಕ್ಷಿಪ್ರಕ್ರಾಂತಿ ಎಂದು ಕರೆದರು. ಇವರಲ್ಲಿ ಯಾರೂ 1913ರ ಪುಸ್ತಕವನ್ನು ಅದು ಇದ್ದ ಹಾಗೆ ಎತ್ತಿ ಹಿಡಿದಿಲ್ಲ.

ಕೊಲಂಬಿಯಾದಿಂದ ನಿರ್ಗಮನ

ಬಿಯರ್ಡ್ 1917ರ ಅಕ್ಟೋಬರ್ 8ರಂದು ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಯುದ್ಧವಿರೋಧಿಯಾಗಿದ್ದರಿಂದ ಕೆಲಸ ಬಿಡಬೇಕಾಯಿತು ಎಂದು ಕೆಲವು ಕಡೆ ಓದಲು ಸಿಗುತ್ತದೆ. ಅದು ತಪ್ಪು. ಜರ್ಮನಿಯ ವಿರುದ್ಧ ಯುದ್ಧಕ್ಕಿಳಿಯುವುದನ್ನು ಬಿಯರ್ಡ್ ಬೆಂಬಲಿಸಿದ್ದರು. ಯುದ್ಧವನ್ನು ವಿರೋಧಿಸಿದ ಮನಶ್ಶಾಸ್ತ್ರಜ್ಞ ಜೇಮ್ಸ್ ಮೆಕೀನ್ ಕ್ಯಾಟೆಲ್ ಮತ್ತು ಸಾಹಿತ್ಯದ ಅಧ್ಯಾಪಕ ಹೆನ್ರಿ ಡೇನಾ ಅವರನ್ನು ಟ್ರಸ್ಟಿಗಳು ವಜಾ ಮಾಡಿದ್ದರು. ತಾನು ಒಪ್ಪದ ಅಭಿಪ್ರಾಯಕ್ಕಾಗಿ ಇನ್ನೊಬ್ಬನ ಕೆಲಸ ಹೋಗುವುದನ್ನು ಬಿಯರ್ಡ್ ಸಹಿಸಲಿಲ್ಲ. ಹಿಂದಿನ ವರ್ಷ ಟ್ರಸ್ಟಿಗಳು ಬಿಯರ್ಡ್ ಅವರನ್ನೂ ಕರೆಸಿ ವಿಚಾರಿಸಿದ್ದುಂಟು. ಪೀಡೆ ತೊಲಗಿತು ಎಂಬ ಧಾಟಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಸಂಪಾದಕೀಯ ಬರೆಯಿತು.

1919ರಲ್ಲಿ ನ್ಯೂ ಸ್ಕೂಲ್ ಎಂಬ ಶಿಕ್ಷಣಸಂಸ್ಥೆಯ ಸ್ಥಾಪನೆಯಲ್ಲಿ ಕೈಜೋಡಿಸಿದರೂ ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಮುಂದೆ ಯಾವ ವಿಶ್ವವಿದ್ಯಾಲಯದಲ್ಲೂ ಕಾಯಂ ಹುದ್ದೆ ಹಿಡಿಯದೆ, ಕನೆಕ್ಟಿಕಟ್‌ನ ನ್ಯೂ ಮಿಲ್ಫರ್ಡ್‌ನಲ್ಲಿ ಮನೆ ಮಾಡಿಕೊಂಡು, ಪುಸ್ತಕಗಳ ಆದಾಯದಲ್ಲಿ ಬದುಕಿದರು, ಹೈನುಗಾರಿಕೆಯೂ ಇತ್ತು. ನಡುವೆ ಟೋಕಿಯೋ ನಗರಾಡಳಿತಕ್ಕೆ ಸಲಹೆ ಕೊಡಲು 1922ರಲ್ಲಿ ಜಪಾನಿಗೆ ಹೋಗಿ, ಮರುವರ್ಷದ ಭೂಕಂಪದ ನಂತರ ಮತ್ತೊಮ್ಮೆ ಅಲ್ಲಿಗೆ ಹೋದರು. ವಿದೇಶಾಂಗ ನೀತಿ ಕುರಿತು ಆಮೇಲೆ ಬರೆದದ್ದನ್ನು ಓದುವಾಗ ಈ ಜಪಾನ್ ಪರಿಚಯವನ್ನು ನೆನಪಿಡಬೇಕು.

ಇಬ್ಬರ ಬರವಣಿಗೆ

‘ದಿ ರೈಸ್ ಆಫ್ ಅಮೆರಿಕನ್ ಸಿವಿಲೈಸೇಷನ್’ (1927, ಎರಡು ಸಂಪುಟ) ಈ ದೃಷ್ಟಿಯನ್ನು ಮನೆಮನೆಗೆ ಮುಟ್ಟಿಸಿತು. ರಕ್ಷಾಪುಟದಲ್ಲಿ ಇಬ್ಬರ ಹೆಸರಿದ್ದರೂ ವಿಮರ್ಶಕರು ಇದನ್ನು ಬಿಯರ್ಡ್ ಅವರ ಪುಸ್ತಕ ಎಂದೇ ಕರೆದರು, ಏಕವಚನದಲ್ಲಿ. ಮೇರಿ ಬಿಯರ್ಡ್ ಮಹಿಳಾ ಮತದಾನದ ಹೋರಾಟದಿಂದ ಬಂದವರು. ಮಹಿಳಾ ದಾಖಲೆಗಳ ಜಾಗತಿಕ ಸಂಗ್ರಹಾಲಯವೊಂದನ್ನು ಕಟ್ಟಲು 1935ರಿಂದ 1940ರವರೆಗೆ ಹೆಣಗಿದವರು. 1946ರಲ್ಲಿ ‘ವುಮನ್ ಆ್ಯಸ್ ಫೋರ್ಸ್ ಇನ್ ಹಿಸ್ಟರಿ’ ಬರೆದವರು. ಜಂಟಿ ಪುಸ್ತಕಗಳಲ್ಲಿ ಯಾವ ಪುಟ ಯಾರದ್ದೆಂದು ದಂಪತಿ ಬೇಕೆಂದೇ ಹೇಳಲಿಲ್ಲ.

1927ರ ಪುಸ್ತಕ ಅಂತರ್ಯುದ್ಧವನ್ನು ಎರಡನೆಯ ಅಮೆರಿಕನ್ ಕ್ರಾಂತಿ ಎನ್ನುತ್ತದೆ: ಉತ್ತರದ ಕೈಗಾರಿಕಾ ಬಂಡವಾಳ ದಕ್ಷಿಣದ ತೋಟದೊಡೆಯರನ್ನು ಅಧಿಕಾರದಿಂದ ಇಳಿಸಿತು. ಬಿಯರ್ಡ್ ದೃಷ್ಟಿ ಅತ್ಯಂತ ದುರ್ಬಲವಾಗಿರುವುದು ಇಲ್ಲಿ. ಗುಲಾಮರಾಗಿದ್ದವರು ಈ ಕಥೆಯಲ್ಲಿ ಕರ್ತೃಗಳಲ್ಲ, ಎರಡು ಬಗೆಯ ಆಸ್ತಿಗಳ ಜಗಳದ ನೆಪ. ಡಬ್ಲ್ಯು.ಇ.ಬಿ. ಡು ಬಾಯ್ಸ್ ‘ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್ ಇನ್ ಅಮೆರಿಕ’ (1935) ಗ್ರಂಥದ ಕೊನೆಯ ಅಧ್ಯಾಯದಲ್ಲಿ ಇದನ್ನೇ ಹಿಡಿದು, ಮನುಷ್ಯರಿಲ್ಲದ ಈ ಯಾಂತ್ರಿಕ ಇತಿಹಾಸದಲ್ಲಿ ಗುಲಾಮಗಿರಿಯ ಅನ್ಯಾಯವೇ ಮಾಯವಾಗಿದೆ ಎಂದು ತೋರಿಸಿದರು. ಸಂವಿಧಾನದ 14ನೆಯ ತಿದ್ದುಪಡಿಯಲ್ಲಿ ‘ವ್ಯಕ್ತಿ’ ಎಂಬ ಪದವನ್ನು ಕಂಪನಿಗಳಿಗೆ ರಕ್ಷಣೆ ಸಿಗಲೆಂದೇ ಜಾಣತನದಿಂದ ಇಟ್ಟರು ಎಂಬ ಸಂಶಯವನ್ನು ಹಬ್ಬಿಸಿದ್ದರಲ್ಲೂ ಈ ಪುಸ್ತಕದ ಪಾಲು ದೊಡ್ಡದು. ಅದಕ್ಕೆ ಮೂಲ 1882ರಲ್ಲಿ ರೈಲ್ವೆ ಕಂಪನಿಯೊಂದರ ಪರವಾಗಿ ರಾಸ್ಕೋ ಕಾಂಕ್ಲಿಂಗ್ ಸುಪ್ರೀಂ ಕೋರ್ಟಿನಲ್ಲಿ ಮಾಡಿದ ವಾದ. ವಕೀಲ ತನ್ನ ಕಕ್ಷಿಗಾರನಿಗಾಗಿ ಆಡಿದ ಮಾತನ್ನು ಸಾಕ್ಷ್ಯವೆಂದು ಹಿಡಿಯಲಾಗಿದೆ ಎಂದು ಹೋವರ್ಡ್ ಜೇ ಗ್ರಹಾಂ 1938ರಲ್ಲಿ ತೋರಿಸಿದರು. ಹಿತಾಸಕ್ತಿಯನ್ನು ಎಲ್ಲೆಡೆ ಹುಡುಕುತ್ತಿದ್ದ ಲೇಖಕರಿಗೆ ಈ ವಕೀಲನ ಹಿತಾಸಕ್ತಿ ಕಾಣದೇ ಹೋದದ್ದು ವಿಚಿತ್ರ.

ಅಮೆರಿಕನ್ ಐತಿಹಾಸಿಕ ಸಂಘದ ಅಧ್ಯಕ್ಷರಾಗಿ 1933ರ ಡಿಸೆಂಬರಿನಲ್ಲಿ ಅರ್ಬಾನಾದಲ್ಲಿ ಮಾಡಿದ ಭಾಷಣದಲ್ಲಿ ಬಿಯರ್ಡ್, ಲಿಖಿತ ಇತಿಹಾಸವೆಲ್ಲ ಬರೆಯುವವನ ಶ್ರದ್ಧೆಯ ಕ್ರಿಯೆ, ಸಂಪೂರ್ಣ ವಸ್ತುನಿಷ್ಠತೆ ಅಸಾಧ್ಯ ಎಂದರು. ಇದರ ಚರ್ಚೆ ಬೇರೆಡೆ ವಿಪುಲವಾಗಿ ಲಭ್ಯ.

ಯುದ್ಧ ಮತ್ತು ಅಧ್ಯಕ್ಷಾಧಿಕಾರ

ರೂಸ್‌ವೆಲ್ಟ್ ಅವರ ಹೊಸ ಆರ್ಥಿಕ ಕಾರ್ಯಕ್ರಮಗಳನ್ನು ಬಿಯರ್ಡ್ ಆರಂಭದಲ್ಲಿ ಸ್ವಾಗತಿಸಿದ್ದರು. ‘ದಿ ಓಪನ್ ಡೋರ್ ಅಟ್ ಹೋಮ್’ (1934) ಪುಸ್ತಕದ ವಾದವಿಷ್ಟು: ದೇಶದೊಳಗಿನ ಸಂಪತ್ತನ್ನು ಸರಿಯಾಗಿ ಹಂಚಿದರೆ ಇಲ್ಲಿನ ಸರಕಿಗೆ ಇಲ್ಲಿಯೇ ಗಿರಾಕಿ, ಹೊರಗಿನ ಮಾರುಕಟ್ಟೆಯ ಬೆನ್ನು ಹತ್ತಿದರೆ ನೌಕಾಪಡೆ ಹಿಂಬಾಲಿಸುತ್ತದೆ, ನೌಕಾಪಡೆಯ ಹಿಂದೆ ಯುದ್ಧ. ನೌಕಾಪಡೆಯ ವಿಸ್ತರಣೆ ಶುರುವಾದ ಮೇಲೆ ಅಧ್ಯಕ್ಷರ ಜೊತೆ ಒಡಕು ಬಂತು. ಬ್ರಿಟನ್ನಿಗೆ ಶಸ್ತ್ರ ಒದಗಿಸುವ ಲೆಂಡ್-ಲೀಸ್ ಮಸೂದೆಯನ್ನು ವಿರೋಧಿಸಿ 1941ರ ಫೆಬ್ರುವರಿಯಲ್ಲಿ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದರು.

ಯುದ್ಧ ಮುಗಿದ ಮೇಲೆ ಬಂದದ್ದು ಎರಡು ಪುಸ್ತಕ. ಎರಡನೆಯದಾದ ‘ಪ್ರೆಸಿಡೆಂಟ್ ರೂಸ್‌ವೆಲ್ಟ್ ಆ್ಯಂಡ್ ದಿ ಕಮಿಂಗ್ ಆಫ್ ದಿ ವಾರ್, 1941’ (1948) ದೊಡ್ಡ ಗದ್ದಲ ಎಬ್ಬಿಸಿತು. ವಿಧಾನ ಸರಳ: ಅಧ್ಯಕ್ಷರು ಜನರಿಗೆ ಹೇಳಿದ್ದು ಒಂದು ಕಡೆ, ಮಾಡಿದ್ದು ಇನ್ನೊಂದು ಕಡೆ. ಗ್ರೀರ್ ಹಡಗಿನ ಪ್ರಸಂಗ ಒಂದು ಮಾದರಿ. 1941ರ ಸೆಪ್ಟೆಂಬರ್ 4ರಂದು ಜರ್ಮನ್ ಜಲಾಂತರ್ಗಾಮಿ ಈ ಅಮೆರಿಕನ್ ಯುದ್ಧನೌಕೆಯ ಮೇಲೆ ಎಚ್ಚರಿಕೆಯಿಲ್ಲದೆ ಎರಗಿತು ಎಂದು ಅಧ್ಯಕ್ಷರು ಒಂದು ವಾರದ ನಂತರ ರೇಡಿಯೋದಲ್ಲಿ ಹೇಳಿದರು. ಗ್ರೀರ್ ಆ ಜಲಾಂತರ್ಗಾಮಿಯನ್ನು ಗಂಟೆಗಟ್ಟಲೆ ಹಿಂಬಾಲಿಸುತ್ತ ಅದರ ಜಾಡನ್ನು ಬ್ರಿಟಿಷ್ ವಿಮಾನಕ್ಕೆ ತಿಳಿಸಿತ್ತು, ಮೊದಲು ಸ್ಫೋಟಕ ಹಾಕಿದ್ದು ಆ ವಿಮಾನ ಎಂಬುದು ನೌಕಾಪಡೆಯ ಮುಖ್ಯಸ್ಥರು ಸೆನೆಟ್ ಸಮಿತಿಗೆ ಕೊಟ್ಟ ವಿವರಣೆಯಿಂದ ಹೊರಬಿತ್ತು. ಇನ್ನೊಂದು ಆಧಾರ ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಅವರ ದಿನಚರಿ. ನವೆಂಬರ್ 25ರ ನಮೂದಿನ ಪ್ರಕಾರ ಅಂದಿನ ಸಭೆಯ ಮುಂದಿದ್ದ ಪ್ರಶ್ನೆ, ತಮಗೆ ಹೆಚ್ಚು ಅಪಾಯವಾಗದಂತೆ ಜಪಾನೀಯರೇ ಮೊದಲ ಗುಂಡು ಹಾರಿಸುವ ಸ್ಥಿತಿಗೆ ಅವರನ್ನು ತರುವುದು ಹೇಗೆ ಎಂಬುದು. ಪರ್ಲ್ ಹಾರ್ಬರ್ ಮೇಲಿನ ಜಪಾನಿ ದಾಳಿ ಕುರಿತ ಕಾಂಗ್ರೆಸ್ ವಿಚಾರಣೆಯ 39 ಭಾಗಗಳಲ್ಲಿ ಹುದುಗಿದ್ದ ಈ ನಮೂದಿಗೆ ಬಿಯರ್ಡ್ ತಮ್ಮ ವಾದದಲ್ಲಿ ಕೇಂದ್ರಸ್ಥಾನ ಕೊಟ್ಟರು.

ಅತಿ ದೊಡ್ಡ ಗೊಂದಲ ಇಲ್ಲಿಯದು. ಪರ್ಲ್ ಹಾರ್ಬರ್ ಮೇಲೆ ದಾಳಿ ಆಗುವುದು ರೂಸ್‌ವೆಲ್ಟ್‌ಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಬಿಟ್ಟರು ಎಂದು ಬಿಯರ್ಡ್ ಬರೆದಿಲ್ಲ. ಆ ಬಗೆಯ ವಾದಕ್ಕೆ ಸ್ಪಷ್ಟ ರೂಪ ಕೊಟ್ಟವರು ಬಿಯರ್ಡ್ ತೀರಿಕೊಂಡ ಮೇಲೆ ಬರೆದ ಚಾರ್ಲ್ಸ್ ಟ್ಯಾನ್ಸಿಲ್ (1952), ನಿವೃತ್ತ ನೌಕಾಧಿಕಾರಿ ರಾಬರ್ಟ್ ಥಿಯೊಬಾಲ್ಡ್ (1954) ಮುಂತಾದವರು. ಶಾಶ್ವತ ಶಾಂತಿಗಾಗಿ ಶಾಶ್ವತ ಯುದ್ಧ ಎಂಬ ವ್ಯಂಗ್ಯೋಕ್ತಿಯೂ ಬಿಯರ್ಡ್ ಹೆಸರಿನಲ್ಲಿದೆ; ಅದನ್ನು 1953ರಲ್ಲಿ ಪುಸ್ತಕದ ಶೀರ್ಷಿಕೆಯಾಗಿಸಿದ ಹ್ಯಾರಿ ಎಲ್ಮರ್ ಬಾರ್ನ್ಸ್, ಬಿಯರ್ಡ್ ತಮ್ಮೊಡನೆ ಮಾತಿನಲ್ಲಿ ಹೇಳಿದ್ದು ಎಂದಿದ್ದಾರೆ. ಬಿಯರ್ಡ್ ಸ್ವತಃ ಎತ್ತಿದ ಪ್ರಶ್ನೆ ಸಂವಿಧಾನದ್ದು. ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್ಸಿನದು. ಅಧ್ಯಕ್ಷರೊಬ್ಬರು ಒಳ್ಳೆಯ ಉದ್ದೇಶಕ್ಕೆಂದು ಜನರಿಗೆ ಒಂದು ಹೇಳಿ ಗುಟ್ಟಾಗಿ ಇನ್ನೊಂದು ಮಾಡಬಹುದಾದರೆ ಆ ಅಧಿಕಾರ ಉಳಿಯುವುದೆಲ್ಲಿ? 1913ರಲ್ಲಿ ಸಂವಿಧಾನವನ್ನು ಪೀಠದಿಂದ ಇಳಿಸಿದ ಲೇಖಕ ಈಗ ಅದರ ಕಾವಲಿಗೆ ನಿಂತದ್ದನ್ನು ಹಲವರು ದಿಕ್ಕು ಬದಲಾವಣೆ ಎನ್ನುತ್ತಾರೆ. ಆದರೆ ತೀರ್ಮಾನ ಎಲ್ಲಿ ಆಗುತ್ತದೆ, ಯಾರ ಹೆಸರಿನಲ್ಲಿ ಆಗುತ್ತದೆ ಎಂಬ ವಿಚಾರಣೆ ಎರಡೂ ಪುಸ್ತಕಗಳಲ್ಲಿದೆ.

1948ರ ಪುಸ್ತಕದ ಕೊರತೆಯೂ ದೊಡ್ಡದು. ಹಿಟ್ಲರ್ ಆಗ ಯುರೋಪಿನಲ್ಲಿ ಏನು ಮಾಡುತ್ತಿದ್ದ ಎಂಬುದು ಈ ನೂರಾರು ಪುಟಗಳಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ನೌಕಾಪಡೆಯ ಇತಿಹಾಸಕಾರ ಸ್ಯಾಮುಯೆಲ್ ಎಲಿಯಟ್ ಮಾರಿಸನ್ 1948ರ ಆಗಸ್ಟಿನ ‘ಅಟ್ಲಾಂಟಿಕ್’ ಪತ್ರಿಕೆಯಲ್ಲಿ, ಬಿಯರ್ಡ್ ಎಂದರೆ ಗಡ್ಡ ಎಂಬ ಶ್ಲೇಷೆಯನ್ನು ತಲೆಬರಹದಲ್ಲೇ ಇಟ್ಟು, ಕಟುವಾಗಿ ಬರೆದರು. ಅದೇ ವರ್ಷ ರಾಷ್ಟ್ರೀಯ ಕಲಾ ಮತ್ತು ಸಾಹಿತ್ಯ ಸಂಸ್ಥೆ ಬಿಯರ್ಡ್ ಅವರಿಗೆ ಚಿನ್ನದ ಪದಕ ಕೊಟ್ಟದ್ದನ್ನು ಲೂಯಿಸ್ ಮಮ್‌ಫರ್ಡ್ ಪ್ರತಿಭಟಿಸಿದರು. ಸೆಪ್ಟೆಂಬರ್ 1ರಂದು ಬಿಯರ್ಡ್ ನ್ಯೂ ಹೇವನ್‌ನಲ್ಲಿ ತೀರಿಕೊಂಡರು.

ಶೀತಲ ಸಮರದ ಮೊದಲ ವರ್ಷಗಳಲ್ಲಿ ಅವರ ಹೆಸರೆತ್ತುವವರು ಕಡಿಮೆ. ‘ದಿ ಓಪನ್ ಡೋರ್ ಅಟ್ ಹೋಮ್’ ಪುಸ್ತಕದ ವಾದವನ್ನು ವಿಲಿಯಂ ಆ್ಯಪಲ್‌ಮನ್ ವಿಲಿಯಮ್ಸ್ 1959ರಲ್ಲಿ ‘ದಿ ಟ್ರ್ಯಾಜಿಡಿ ಆಫ್ ಅಮೆರಿಕನ್ ಡಿಪ್ಲೊಮಸಿ’ಯಲ್ಲಿ ಮುಂದುವರಿಸಿದರು, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅದಕ್ಕೆ ಓದುಗರು ಹೆಚ್ಚಿದರು. ರಿಚರ್ಡ್ ಹಾಫ್‌ಸ್ಟಾಟರ್ 1968ರಲ್ಲಿ ಬರೆದ ವಿಮರ್ಶೆ ಇಂದಿಗೂ ಅತ್ಯಂತ ಸಮತೋಲಿತವಾದದ್ದು. ಗ್ರೀರ್ ಪ್ರಸಂಗದಲ್ಲಿ ರೂಸ್‌ವೆಲ್ಟ್ ದಾರಿತಪ್ಪಿಸಿದರೆಂಬುದನ್ನು ಅವರ ಪರವಾಗಿ ಬರೆದ ರಾಬರ್ಟ್ ಡ್ಯಾಲೆಕ್ ಕೂಡ 1979ರಲ್ಲಿ ಒಪ್ಪಿಕೊಂಡರು. ಯುದ್ಧ ಸಾರುವ ಅಧಿಕಾರ ಯಾರದೆಂಬ ಬಿಯರ್ಡ್ ಪ್ರಶ್ನೆಯೂ ಉಳಿದುಕೊಂಡಿತು: ಅಧ್ಯಕ್ಷರ ಕೈ ಕಟ್ಟಲು ಕಾಂಗ್ರೆಸ್ 1973ರಲ್ಲಿ ಯುದ್ಧಾಧಿಕಾರ ನಿರ್ಣಯವನ್ನು ಅಂಗೀಕರಿಸಿತು. ಅಮೆರಿಕದ ಕಾಂಗ್ರೆಸ್ ಕೊನೆಯ ಬಾರಿ ವಿಧಿವತ್ತಾಗಿ ಯುದ್ಧ ಸಾರಿದ್ದು 1942ರ ಜೂನ್‌ನಲ್ಲಿ, ಬಲ್ಗೇರಿಯ, ಹಂಗೇರಿ ಮತ್ತು ರುಮೇನಿಯಗಳ ಮೇಲೆ. ಕೊರಿಯ, ವಿಯೆಟ್ನಾಂ, ಇರಾಕ್ ಯುದ್ಧಗಳು ಅಂಥ ಘೋಷಣೆಯಿಲ್ಲದೆ ನಡೆದವು.

ದಾಖಲೆಗಳ ಸ್ಥಿತಿ

ಯುದ್ಧಕಾಲದ ಸರ್ಕಾರಿ ಕಾಗದಪತ್ರಗಳು ಆಯ್ದ ಇತಿಹಾಸಕಾರರಿಗೆ ಮಾತ್ರ ಸಿಗುತ್ತಿವೆ ಎಂದು ಬಿಯರ್ಡ್ 1947ರ ಅಕ್ಟೋಬರಿನ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಲೇಖನದಲ್ಲಿ ತಕರಾರು ಎತ್ತಿದ್ದರು. ಅವರ ಸ್ವಂತ ಕಾಗದಪತ್ರಗಳ ಕಥೆ ಬೇರೆ. ಪತ್ರವ್ಯವಹಾರದ ಬಹುಭಾಗವನ್ನು ದಂಪತಿ ತಾವೇ ನಾಶಪಡಿಸಿದರು. 1917ರ ರಾಜೀನಾಮೆಯ ಹಿಂದಿನ ಆಲೋಚನೆ, ಜಂಟಿ ಪುಸ್ತಕಗಳ ಕೆಲಸದ ಹಂಚಿಕೆ, ಕೊನೆಯ ಪುಸ್ತಕದ ಹುಟ್ಟು, ಇವುಗಳಿಗೆಲ್ಲ ಮನೆಯ ಸಾಕ್ಷ್ಯ ಇಲ್ಲದಿರುವುದು ಇದರಿಂದಲೇ. ಉಳಿದದ್ದರಲ್ಲಿ ಒಂದು ಸಂಗ್ರಹ ಡಿಪಾ ವಿಶ್ವವಿದ್ಯಾಲಯದಲ್ಲಿದೆ. ಮಿಕ್ಕಂತೆ ಅವರು ಇತರರಿಗೆ ಬರೆದ ಕಾಗದಗಳನ್ನು ಆಯಾ ವ್ಯಕ್ತಿಗಳ ಸಂಗ್ರಹಗಳಲ್ಲಿ ಹುಡುಕಬೇಕಾಗಿದೆ. ಮೇರಿ ಬಿಯರ್ಡ್ ಅವರ ಪತ್ರಗಳನ್ನು ನ್ಯಾನ್ಸಿ ಕಾಟ್ ಸಂಪಾದಿಸಿ 1991ರಲ್ಲಿ ಹೊರತಂದಿದ್ದಾರೆ.